ಮೂರು ಗಂಟೆಯ ಸಿಟ್ಟು, ರಾತ್ರಿ ಹನ್ನೊಂದರ ಚಕ್ಕುಲಿ

ಪ್ರಶ್ನೆ: ನಮ್ಮ ಯಜಮಾನರದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಎರಡು ರೊಟ್ಟಿ ತಿಂದು ಹೋದವರು ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಮನೆಗೆ ಬರುತ್ತಾರೆ. ಬಂದ ಕೂಡಲೇ ಏನಾದರೂ ಒಂದಕ್ಕೆ ರೇಗುತ್ತಾರೆ. ಚಪ್ಪಲಿ ಅಡ್ಡ ಬಿದ್ದಿದೆ, ಫ್ಯಾನು ಸುಮ್ನೆ ತಿರುಗುತ್ತಿದೆ, ಹೀಗೆ. ಉಂಡ ಹತ್ತು ನಿಮಿಷಕ್ಕೆ ಬೇರೆಯೇ ಮನುಷ್ಯ. ನನ್ನದು ಉಲ್ಟಾ. ಮನಸ್ಸಿಗೆ ನೋವಾದರೆ ಊಟ ಸೇರುವುದಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡಾಗ ಮೂರು ದಿನ ಚಹಾ ಬಿಟ್ಟು ಏನೂ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಈಗ ಮಗನ ಪಿಯುಸಿ ಪರೀಕ್ಷೆಯ ಟೆನ್ಶನ್ನಿಗೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ನಿಂತುಕೊಂಡೇ ಚಕ್ಕುಲಿ ಡಬ್ಬಿ ಖಾಲಿ ಮಾಡುತ್ತೇನೆ. ಹಸಿವೇ ಇರುವುದಿಲ್ಲ! ಹಸಿವು ಇರುವುದು ಹೊಟ್ಟೆಯಲ್ಲೋ ತಲೆಯಲ್ಲೋ? (ಯಜಮಾನರಿಗೆ 52 ವರ್ಷ. ಎರಡು ವರ್ಷದಿಂದ ಶುಗರ್ ಮಾತ್ರೆ ತಗೊಳ್ಳುತ್ತಿದ್ದಾರೆ.)
ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಪತ್ರದ ಕೊನೆಗೆ ಕಂಸದೊಳಗೆ ಒಂದು ಸಾಲು ಹಾಕಿ ಬಿಟ್ಟಿದ್ದೀರಲ್ಲ, ಆ ಶುಗರ್ ಮಾತ್ರೆಯದು, ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದದ್ದನ್ನು ನಿಧಾನಕ್ಕೆ ಓದಿ. ಇದನ್ನು ಮಾತ್ರ ಇವತ್ತೇ ನೋಡಿ.

ಮಾತ್ರೆಯ ಪಟ್ಟಿ ತಿರುಗಿಸಿ, ಹೆಸರು ಓದಿ. ಬರೀ ಮೆಟ್‌ಫಾರ್ಮಿನ್ ಅಂತ ಇದ್ದರೆ ಅಷ್ಟು ಚಿಂತೆ ಇಲ್ಲ. ಅದೊಂದರಿಂದಲೇ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವುಗಳಲ್ಲಿ ಒಂದಿದ್ದರೆ ಮಾತೇ ಬೇರೆ. ಮನುಷ್ಯ ಉಂಡಿದ್ದಾನೋ ಇಲ್ಲವೋ ಅಂತ ಇವು ಕೇಳುವುದಿಲ್ಲ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತವೆ. ಎಂಟಕ್ಕೆ ಎರಡು ರೊಟ್ಟಿ, ಆಮೇಲೆ ಮೂರರ ತನಕ ಏನೂ ಇಲ್ಲ ಅಂದರೆ ಏಳು ಗಂಟೆ ಆಯಿತು. ಅಷ್ಟರಲ್ಲಿ ರಕ್ತದ ಸಕ್ಕರೆ 70ರ ಕೆಳಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಕಾರಣವಿಲ್ಲದ ಸಿಡುಕು ಇವೆಲ್ಲ ಆಗ ಒಟ್ಟಿಗೇ ಬರುತ್ತವೆ. ನಾವು ಡಾಕ್ಟರುಗಳು ಅಂಥ ಸಿಡುಕನ್ನು ರೋಗಲಕ್ಷಣ ಅಂತಲೇ ಬರೆದುಕೊಳ್ಳುತ್ತೇವೆ.

ಹಾಗಾಗಿ ಒಂದು ವಾರ ಅವರು ಬಂದ ಕೂಡಲೇ, ಊಟಕ್ಕೆ ಮುಂಚೆ, ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ ಬರೆದಿಡಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡಿ. ಪಟ್ಟಿಯಲ್ಲಿ ವೊಗ್ಲಿಬೋಸ್ ಅಂತ ಹೆಸರಿದ್ದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಸೀದಾ ಆಸ್ಪತ್ರೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬರೆದಿಟ್ಟ ಅಂಕಿಗಳನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಮಾತ್ರೆ ಬದಲಿಸಬೇಕೋ ಊಟದ ಹೊತ್ತು ಬದಲಿಸಬೇಕೋ, ಅವರು ಹೇಳುತ್ತಾರೆ.

ಈಗ ಅಂಕಿ 95 ಅಂತಲೋ 120 ಅಂತಲೋ ಬಂತು ಅನ್ನಿ. ಆಗಲೂ ಅವರು ಸಿಡುಕುತ್ತಾರೆ, ಅಲ್ವಾ? ನಿಮ್ಮ ಪ್ರಶ್ನೆ ನಿಜವಾಗಿ ಶುರುವಾಗುವುದು ಇಲ್ಲಿ. ಶುಗರ್ ಇಲ್ಲದವರೂ ಹೊಟ್ಟೆ ಹಸಿದಾಗ ಹಾಗೇ ಆಡುತ್ತಾರೆ. ‘ಸಕ್ಕರೆ ಇಳಿಯಿತು, ಅದಕ್ಕೆ ಸಿಟ್ಟು’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆರೋಗ್ಯವಂತರಿಗೆ ಒಂದು ಹೊತ್ತಿನ ಊಟ ತಪ್ಪಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದಿಲ್ಲ. ಲಿವರಿನಲ್ಲಿ ದಾಸ್ತಾನು ಇರುತ್ತದೆ, ಅದು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗುತ್ತದೆ. ಹಾಗಾದರೆ ಸಿಟ್ಟು ಎಲ್ಲಿಂದ ಬಂತು?

ತಲೆಬುರುಡೆಯ ತಳದಲ್ಲಿ, ಎರಡು ಕಣ್ಣಿನ ಹಿಂದೆ ಒಳಗಡೆ, ಹೈಪೋಥಲಾಮಸ್ ಅಂತ ಒಂದು ಭಾಗ ಇದೆ. ಸುಮಾರು 4 ಗ್ರಾಂ ತೂಕ, ಅಷ್ಟೇ. ಅದರೊಳಗೆ ಒಂದು ಮೂಲೆಯಲ್ಲಿ ಎಜಿಆರ್‌ಪಿ ಅಂತ ಹೆಸರಿಟ್ಟ ನರಕೋಶಗಳ ಗುಂಪಿದೆ. ಸುಲಭಕ್ಕೆ ಹಸಿವಿನ ಕೋಶಗಳು ಅನ್ನೋಣ. 2011ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದವರು ಇಲಿಮರಿಯಷ್ಟಿರುವ ಪ್ರಯೋಗದ ಇಲಿಗಳಲ್ಲಿ ಈ ಕೋಶಗಳನ್ನಷ್ಟೇ ಬೆಳಕಿನಿಂದ ಎಬ್ಬಿಸಿದರು. ಹೊಟ್ಟೆ ತುಂಬಿದ್ದ ಇಲಿ ಕೆಲವೇ ನಿಮಿಷಕ್ಕೆ ಗಬಗಬ ತಿನ್ನತೊಡಗಿತು.

ಅದು ದೊಡ್ಡ ಸುದ್ದಿಯಾಯಿತು. ನನಗೆ ಮಾತ್ರ ಅದರ ನಂತರದ್ದು ಜಾಸ್ತಿ ಹಿಡಿಸಿತು. 2015ರಲ್ಲಿ ಅಲ್ಲಿನವರೇ ಇನ್ನೊಂದು ಪರೀಕ್ಷೆ ಮಾಡಿದರು. ಪಂಜರದ ಒಂದು ಕಡೆ ಇಲಿ ಇದ್ದಾಗ ಮಾತ್ರ ಹಸಿವಿನ ಕೋಶ ಎಬ್ಬಿಸುವುದು, ಇನ್ನೊಂದು ಕಡೆ ಹೋದರೆ ಬಿಡುವುದು. ತಿನ್ನಲು ಏನೂ ಇಟ್ಟಿರಲಿಲ್ಲ. ಸ್ವಲ್ಪ ದಿನಕ್ಕೆ ಇಲಿಗಳು ಆ ಮೊದಲನೇ ಕಡೆಗೆ ಹೋಗುವುದನ್ನೇ ಕಡಿಮೆ ಮಾಡಿದವು. ಅಂದರೆ ಆ ಕೋಶಗಳು ‘ತಿನ್ನು’ ಅಂತ ಆಜ್ಞೆ ಕೊಟ್ಟು ಸುಮ್ಮನಾಗುವುದಿಲ್ಲ. ಒಂದು ಕಿರಿಕಿರಿ ಹುಟ್ಟಿಸುತ್ತವೆ. ಮೈಮೇಲೆ ಇರುವೆ ಬಿಟ್ಟ ಹಾಗೆ. ಆ ಕಿರಿಕಿರಿ ತಪ್ಪಿಸಿಕೊಳ್ಳಲಿಕ್ಕೇ ಪ್ರಾಣಿ ತಿನ್ನುತ್ತದೆ. ಹಸಿವು ಮೊದಲು, ಅದರಿಂದ ಬೇಸರ ಆಮೇಲೆ ಅಂತ ಎರಡು ಬೇರೆ ಬೇರೆ ಇಲ್ಲ. ಹಸಿವೇ ಒಂದು ಬೇಸರದ ಭಾವನೆ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ ಈ ಕೋಶಗಳಿಗೆ ಕಿವಿಗೊಟ್ಟು ಕೂತಿತು. ಹಸಿದ ಇಲಿಯ ಮುಂದೆ ಆಹಾರ ಇಟ್ಟರು. ಅದು ಇನ್ನೂ ಬಾಯಿ ಹಾಕಿರಲಿಲ್ಲ. ನೋಡಿದ, ಮೂಸಿದ ಕೆಲವೇ ಸೆಕೆಂಡಿಗೆ ಕೋಶಗಳ ಗಲಾಟೆ ತಣ್ಣಗಾಯಿತು. ತಟ್ಟೆ ಎತ್ತಿಬಿಟ್ಟರೆ? ಮತ್ತೆ ಶುರು. ಇದು ಇಲಿಯ ಕತೆ, ಮನುಷ್ಯನಿಗೆ ಹಾಗೇ ಅಂಟಿಸಲು ಬರುವುದಿಲ್ಲ, ಒಪ್ಪುತ್ತೇನೆ. ಆದರೂ ನಿಮ್ಮ ಮನೆಯಲ್ಲಿ ಗಮನಿಸಿ ನೋಡಿ. ಯಜಮಾನರ ದನಿ ಇಳಿಯುವುದು ಊಟ ಮುಗಿದ ಮೇಲೋ, ತಟ್ಟೆಗೆ ರೊಟ್ಟಿ ಬಿದ್ದ ಕೂಡಲೋ? ‘ಇನ್ನೊಂದು ಹತ್ತು ನಿಮಿಷ, ಪಲ್ಯಕ್ಕೆ ಒಗ್ಗರಣೆ ಹಾಕಬೇಕು’ ಅಂದ ದಿನ ಏನಾಗುತ್ತದೆ ಅನ್ನುವುದು ನಿಮಗೇ ಗೊತ್ತಿರಬೇಕು.

ಸರಿ, ಕಿರಿಕಿರಿ ಹುಟ್ಟಿತು. ಅದು ಚಪ್ಪಲಿಯ ಮೇಲೆ ಯಾಕೆ ಹೋಗಬೇಕು?

ಮೈಯೊಳಗಿನ ಸುದ್ದಿಯೆಲ್ಲ ಮಿದುಳಿಗೆ ಹೋಗುವುದು ಕೆಲವೇ ದಾರಿಗಳಲ್ಲಿ. ವೇಗಸ್ ಅಂತ ಒಂದು ಉದ್ದ ನರ ಹೊಟ್ಟೆ, ಕರುಳು, ಎದೆ ಎಲ್ಲದರ ಸುದ್ದಿ ಹೊತ್ತುಕೊಂಡು ಮೇಲೆ ಹೋಗುತ್ತದೆ. ಕಿವಿಯ ಮೇಲ್ಭಾಗದ ಒಳಗೆ ಮಡಿಕೆಯಲ್ಲಿ ಅಡಗಿಕೊಂಡಿರುವ ಇನ್ಸುಲಾ ಅನ್ನುವ ಭಾಗ ಅದನ್ನು ಓದುತ್ತದೆ. ಆದರೆ ಸುದ್ದಿಯ ಜೊತೆ ವಿಳಾಸ ಬರುವುದಿಲ್ಲ. ಹಸಿದಾಗ ಮೈ ಅಡ್ರಿನಲಿನ್, ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ. ಹೆದರಿದಾಗಲೂ ಸಿಟ್ಟು ಬಂದಾಗಲೂ ಬಿಡುವುದು ಅವನ್ನೇ. ಎದೆ ಹೊಡೆದುಕೊಳ್ಳುವುದು ಒಂದೇ ಥರ. ಯಾಕೆ ಹೊಡೆದುಕೊಳ್ಳುತ್ತಿದೆ ಅನ್ನುವುದನ್ನು ಮಿದುಳೇ ಊಹಿಸಬೇಕು. ಊಹಿಸುವಾಗ ಕಣ್ಣೆದುರು ಏನಿದೆಯೋ ಅದಕ್ಕೆ ಗಂಟು ಹಾಕುತ್ತದೆ. ಎದುರಿಗೆ ಚಪ್ಪಲಿ ಇತ್ತು.

ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞೆಯರು 2018ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಹಸಿದು ಬಂದಿದ್ದರು, ಕೆಲವರು ಉಂಡು ಬಂದಿದ್ದರು. ಕಂಪ್ಯೂಟರಿನಲ್ಲಿ ಬೇಸರದ ಕೆಲಸ ಕೊಟ್ಟು, ಮುಗಿಯುವ ಹೊತ್ತಿಗೆ ಬೇಕಂತಲೇ ಅದು ಕೆಟ್ಟುಹೋಗುವಂತೆ ಮಾಡಿ, ‘ನೀನೇ ಕೆಡಿಸಿದೆ’ ಅಂತ ದೂರಿದರು. ಹಸಿದವರು ಜಾಸ್ತಿ ಸಿಟ್ಟಾದರು, ಪ್ರಯೋಗ ನಡೆಸಿದವಳನ್ನೇ ಕೆಟ್ಟವಳು ಅಂದರು. ಆದರೆ ಹಸಿದವರಲ್ಲೇ ಕೆಲವರಿಗೆ ಮೊದಲೇ ಭಾವನೆಗಳ ಬಗ್ಗೆ ಒಂದಿಷ್ಟು ಬರೆಯಲು ಹೇಳಿದ್ದರು. ಅವರು ಅಷ್ಟು ಕೆರಳಲಿಲ್ಲ. ಗಮನ ಸ್ವಲ್ಪ ಒಳಗೆ ತಿರುಗಿದ್ದರೆ ಸಾಕು, ಹಸಿವು ಇನ್ನೊಬ್ಬರ ತಪ್ಪಾಗಿ ಕಾಣುವುದಿಲ್ಲ.

ನನಗೂ ಇದು ಪಾಠ ಆಗಿದೆ. ಹೌಸ್ ಸರ್ಜನ್ ಆಗಿದ್ದಾಗ ಒಂದು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಎಕ್ಸ್‌ರೇ ಫಿಲಂ ತಡವಾಗಿ ತಂದ ಅಂತ ವಾರ್ಡಿನ ಅಟೆಂಡರ್ ಮೇಲೆ ಎಗರಾಡಿದೆ. ಆತ ನನ್ನ ತಂದೆಯ ವಯಸ್ಸಿನವನು. ಪೂರಾ ಕೇಳಿಸಿಕೊಂಡು, ‘ಊಟ ಆತೇನ್ರಿ ಸರ?’ ಅಂದ. ಆಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಒಂದು ಬನ್ ತಿಂದಿದ್ದೆ. ಅದಕ್ಕಿಂತ ವಿಚಿತ್ರ ಅಂದರೆ, ಅವನು ಕೇಳುವ ತನಕ ನನಗೆ ಹಸಿವಾಗಿದೆ ಅಂತಲೇ ಗೊತ್ತಿರಲಿಲ್ಲ.

ಇಲ್ಲೊಂದು ಎಚ್ಚರಿಕೆ. ಈ ವಿಷಯ ಬಂದಾಗಲೆಲ್ಲ ಇಸ್ರೇಲಿನ ಜಡ್ಜುಗಳ ಕತೆ ಹೇಳುತ್ತಾರೆ. ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಊಟಕ್ಕೆ ಮುಂಚೆ ಬಂದ ಕೈದಿಗೆ ಪೆರೋಲ್ ಸಿಗುವುದೇ ಇಲ್ಲ, ಊಟ ಆದ ಮೇಲೆ ಬಂದವನಿಗೆ ಸಿಗುತ್ತದೆ, ಎಲ್ಲ ಜಡ್ಜಿನ ಹಸಿವಿನ ಮಹಿಮೆ ಅಂತ. 2011ರ ಅಧ್ಯಯನ ಅದು. ಆದರೆ ಅದೇ ವರ್ಷ ಬೇರೆಯವರು ಕೆದಕಿ ನೋಡಿದರು. ಪ್ರಕರಣಗಳು ಬರುವ ಸರದಿ ಚೀಟಿ ಎತ್ತಿದ ಹಾಗೆ ಇರಲಿಲ್ಲ, ವಕೀಲರಿಲ್ಲದ ಕೈದಿಗಳು ವಿರಾಮಕ್ಕೆ ಸ್ವಲ್ಪ ಮುಂಚೆ ಬರುತ್ತಿದ್ದರು. ವಕೀಲರಿಲ್ಲದಿದ್ದರೆ ಪೆರೋಲ್ ಸಿಗುವುದು ಹೇಗೂ ಕಷ್ಟ. ಹಸಿವು ಎಲ್ಲವನ್ನೂ ತಿರುಗಿಸಿಬಿಡುತ್ತದೆ ಅನ್ನುವ ಕತೆ ಕೇಳಲು ಚೆನ್ನ. ನಾನು ನಂಬುವುದಿಲ್ಲ. ಹಸಿವು ಇರುವ ಅಸಮಾಧಾನಕ್ಕೆ ಎಣ್ಣೆ ಹೊಯ್ಯುತ್ತದೆ. ರಾತ್ರಿ ಊಟ ಆದ ಮೇಲೂ ಯಜಮಾನರು ಅದೇ ಥರ ರೇಗುತ್ತಿದ್ದರೆ ಅದನ್ನು ಹಸಿವಿನ ಲೆಕ್ಕಕ್ಕೆ ಬರೆಯಬೇಡಿ.

ಹಸಿವು ಹೊಟ್ಟೆಯಲ್ಲೋ ತಲೆಯಲ್ಲೋ ಅಂತ ಕೇಳಿದ್ದೀರಿ. ಈ ಜಗಳ ನೂರು ವರ್ಷಕ್ಕಿಂತ ಹಳೆಯದು. 1912ರಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ತಮ್ಮ ಶಿಷ್ಯ ವಾಶ್‌ಬರ್ನ್‌ಗೆ ಒಂದು ಬಲೂನು ನುಂಗಿಸಿದರು. ಹೊಟ್ಟೆಯೊಳಗೆ ಅದನ್ನು ಉಬ್ಬಿಸಿ, ಹೊಟ್ಟೆ ಹಿಂಡಿದಾಗಲೆಲ್ಲ ಹೊರಗೆ ಗೆರೆ ಬೀಳುವಂತೆ ಮಾಡಿದರು. ಶಿಷ್ಯನಿಗೆ ಹಸಿವು ಚುರುಕ್ ಅಂದಾಗಲೆಲ್ಲ ಗೆರೆ ಎದ್ದಿತು. ಹಸಿವು ಅಂದರೆ ಹೊಟ್ಟೆಯ ಹಿಂಡುವಿಕೆಯೇ ಅಂದರು ಕ್ಯಾನನ್. ಆದರೆ ಕಾಯಿಲೆಯಿಂದ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತದೆ. ಅಲ್ಲಿಗೆ ಆ ವಾದ ಅರ್ಧ ಬಿದ್ದುಹೋಯಿತು.

ಉಳಿದರ್ಧಕ್ಕೆ ಕೈ ಹಾಕಿದವರಲ್ಲಿ ನಮ್ಮ ದೇಶದವರೊಬ್ಬರಿದ್ದರು. ಬಾಲ್ ಕ್ರಿಷನ್ ಆನಂದ್, ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗ ಕಟ್ಟಿದವರು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಜೊತೆ ಅವರು ಇಲಿಗಳ ಹೈಪೋಥಲಾಮಸಿನ ಎರಡೂ ಬದಿಯಲ್ಲಿ ಸಣ್ಣ ಚುಕ್ಕೆಯಷ್ಟು ಜಾಗ ಹಾಳು ಮಾಡಿ ನೋಡಿದರು. ತಟ್ಟೆ ತುಂಬ ಆಹಾರ ಇದ್ದರೂ ಇಲಿಗಳು ಮುಟ್ಟಲಿಲ್ಲ. ಉಪವಾಸ ಬಿದ್ದು ಸತ್ತವು. ಆ ಜಾಗದ ಮೂಲಕ ಡೋಪಮಿನ್ ಅನ್ನುವ ರಾಸಾಯನಿಕದಿಂದ ಸುದ್ದಿ ಕಳಿಸುವ ನರತಂತುಗಳೂ ಹಾದುಹೋಗುತ್ತವೆ ಅನ್ನುವುದು ಆಮೇಲೆ ತಿಳಿಯಿತು. ಹಸಿವಿನ ಜೊತೆ, ಎದ್ದು ಹೋಗಿ ತಗೊಳ್ಳಬೇಕು ಅನ್ನುವ ಆಸೆಯೂ ಕಡಿದುಹೋಗಿತ್ತು. ಈ ಡೋಪಮಿನ್ ನಿಮ್ಮ ಚಕ್ಕುಲಿ ಡಬ್ಬಿಯ ಹತ್ತಿರ ಮತ್ತೆ ಬರುತ್ತದೆ, ನೆನಪಿಡಿ.

ಇನ್ನೊಬ್ಬರ ಕತೆ ಹೇಳಲೇಬೇಕು. ಹೆನ್ರಿ ಮೊಲೈಸನ್ ಅಂತ ಅಮೆರಿಕದವರು. ಮೂರ್ಛೆರೋಗ ನಿಲ್ಲಿಸಲು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯಿಂದ ನೆನಪಿಗೆ ಬೇಕಾದ ಭಾಗ ತೆಗೆದರು. ಜೊತೆಗೆ ಬಾದಾಮಿ ಆಕಾರದ ಅಮಿಗ್ಡಲಾದ ಬಹುಪಾಲೂ ಹೋಯಿತು. ಭಯ, ಆಸೆ, ‘ಇದು ನನಗೆ ಮುಖ್ಯ’ ಅನ್ನುವ ಗುರುತು ಹಾಕುವುದು ಅದರ ಕೆಲಸ. ಆಮೇಲೆ ಅವರಿಗೆ ಹೊಸ ನೆನಪು ಉಳಿಯಲಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಗೊತ್ತಿಲ್ಲದ್ದು ಊಟದ ಕತೆ. ಎಷ್ಟು ಹಸಿವಾಗಿದೆ ಅಂತ ಅಂಕ ಕೇಳಿದರೆ ಊಟಕ್ಕೆ ಮುಂಚೆಯೂ ಆದ ಮೇಲೆಯೂ ಹೆಚ್ಚುಕಡಿಮೆ ಅದೇ ಅಂಕ ಹೇಳುತ್ತಿದ್ದರು. ಒಂದು ರಾತ್ರಿ ಪೂರ್ತಿ ಊಟ ಮುಗಿಸಿದ ಮೇಲೆ ಇನ್ನೊಂದು ಊಟ ತಂದಿಟ್ಟರು. ಅದನ್ನೂ ಉಂಡರು. ಹೊಟ್ಟೆ ತುಂಬಿದೆ ಅನ್ನುವ ಸುದ್ದಿ ಹೊಟ್ಟೆಯಿಂದ ಹೊರಟಿರಬಹುದು. ಅದನ್ನು ‘ಸಾಕು’ ಅಂತ ಅನಿಸುವಂತೆ ಮಾಡುವ ಜಾಗವೇ ತಲೆಯಲ್ಲಿ ಇರಲಿಲ್ಲ.

ಹೊಟ್ಟೆ ಸುಮ್ಮನೆ ಕೂತಿರುತ್ತದೆ ಅಂತಲ್ಲ. ಜಪಾನಿನ ಕೊಜಿಮಾ, ಕಂಗಾವಾ ಮತ್ತವರ ತಂಡ 1999ರಲ್ಲಿ ಕಂಡುಹಿಡಿದ ಗ್ರೆಲಿನ್ ಅನ್ನುವ ಹಾರ್ಮೋನು ಜಠರದಿಂದಲೇ ಹೊರಡುತ್ತದೆ. ದಿನಾ ಊಟ ಮಾಡುವ ಹೊತ್ತಿಗೆ ಸರಿಯಾಗಿ ಏರುತ್ತದೆ, ಹೊತ್ತು ಮೀರಿದರೆ ಉಣ್ಣದಿದ್ದರೂ ಇಳಿಯುತ್ತದೆ. ‘ಹಸಿವು ಸತ್ತುಹೋಯಿತು’ ಅಂತ ನಾವು ಹೇಳುವುದು ಇದನ್ನೇ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜನರಿಗೆ ಗ್ರೆಲಿನ್ ಕೊಟ್ಟು ತಿಂಡಿಯ ಫೋಟೋ ತೋರಿಸಿದಾಗ ಅದೇ ಅಮಿಗ್ಡಲಾ, ಅದೇ ಇನ್ಸುಲಾ ಜಾಸ್ತಿ ಎಚ್ಚರಗೊಂಡವು. ಹೊಟ್ಟೆ ಪತ್ರ ಬರೆಯುತ್ತದೆ, ಭಾವನೆಯ ಭಾಗಗಳೇ ಅದನ್ನು ಒಡೆದು ಓದುತ್ತವೆ.

ಈಗ ನಿಮ್ಮ ಮೂರು ದಿನ.

ಮತ್ತೆ ಅದೇ ಕ್ಯಾನನ್. ಬಲೂನಿಗೆ ಮುಂಚೆ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಆಗಷ್ಟೇ ಬಂದಿದ್ದ ಎಕ್ಸ್‌ರೇಯಲ್ಲಿ ಬೆಕ್ಕುಗಳ ಹೊಟ್ಟೆ ಅರೆಯುವುದನ್ನು ನೋಡುತ್ತಾ ಕೂರುತ್ತಿದ್ದರು. ಬೆಕ್ಕು ಗಾಬರಿಯಾದರೆ, ಕೆರಳಿದರೆ, ಹೊಟ್ಟೆಯ ಅಲೆಗಳು ತಟ್ಟನೆ ನಿಂತುಬಿಡುತ್ತಿದ್ದವು. ಸಮಾಧಾನವಾದ ಮೇಲೆ ಮತ್ತೆ ಶುರು. ದೊಡ್ಡ ಆಘಾತಕ್ಕೆ ಮೈಯ ಉತ್ತರ ಇದೇ. ಹೈಪೋಥಲಾಮಸಿನಿಂದ ಸಿಆರ್‌ಎಚ್ ಅನ್ನುವ ರಾಸಾಯನಿಕ ಹೊರಡುತ್ತದೆ. ಅದೇ ಹಸಿವನ್ನೂ ಒತ್ತಿಹಿಡಿಯುತ್ತದೆ, ಜಠರ ಖಾಲಿಯಾಗುವುದನ್ನೂ ನಿಧಾನ ಮಾಡುತ್ತದೆ. ಅದಕ್ಕೇ ತುತ್ತು ಗಂಟಲಲ್ಲಿ ನಿಂತ ಹಾಗೆ ಅನಿಸುವುದು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅಡುಗೆ ತರುತ್ತಾರೆ. ‘ಎರಡು ತುತ್ತಾದರೂ ತಿನ್ನವ್ವ’ ಅಂತ ಪಕ್ಕದಲ್ಲಿ ಕೂತು ಉಣ್ಣಿಸುತ್ತಾರೆ. ಹಸಿವು ತಾನಾಗಿ ಬಾರದ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಇನ್ನೊಬ್ಬರು ನೆನಪಿಸುವುದು ಒಳ್ಳೆಯ ಚಿಕಿತ್ಸೆಯೇ. ಮೂರು ದಿನಕ್ಕೆ ಹೆದರಬೇಕಿಲ್ಲ. ವಾರಗಟ್ಟಲೆ ಹಾಗೇ ಇದ್ದು ತೂಕ ಇಳಿದರೆ, ನಿದ್ದೆಯೂ ಹೋದರೆ, ಆಗ ಡಾಕ್ಟರನ್ನು ನೋಡಬೇಕಿತ್ತು.

ದಾರಿ ಎರಡೂ ಕಡೆಗಿದೆ. ದುಃಖ ಹಸಿವನ್ನು ಅದುಮುವ ಹಾಗೆ ಹಸಿವೂ ನೋವನ್ನು ಅದುಮಬಲ್ಲದು. 2018ರಲ್ಲಿ ಪ್ರಕಟವಾದ ಕೆಲಸದಲ್ಲಿ, ಒಂದು ದಿನ ಉಪವಾಸ ಇದ್ದ ಇಲಿಗಳು ಬಾವಿನ ದೀರ್ಘ ನೋವನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಆದರೆ ಬಿಸಿ ಮುಟ್ಟಿದರೆ ಮಾತ್ರ ಮೊದಲಿನಷ್ಟೇ ಬೇಗ ಕಾಲು ಎಳೆದುಕೊಂಡವು. ಕಾಡಿನಲ್ಲಿ ಕುಂಟುತ್ತಾದರೂ ಮೇವು ಹುಡುಕಬೇಕಲ್ಲ.

ಇನ್ನು ಚಕ್ಕುಲಿ. ಒಂದೇ ದಿನದ ಆಘಾತ ಬೇರೆ, ತಿಂಗಳುಗಟ್ಟಲೆ ಎಳೆಯುವ ಟೆನ್ಶನ್ ಬೇರೆ. ಎಳೆದಾಟದಲ್ಲಿ ಕಾರ್ಟಿಸೋಲ್ ಮೇಲೆಯೇ ನಿಲ್ಲುತ್ತದೆ. ಅದು ಎಣ್ಣೆ, ಸಿಹಿ, ಕುರುಕಲು ಕಡೆಗೆ ಕೈ ಎಳೆಯುತ್ತದೆ. ಮೇರಿ ಡಾಲ್‌ಮನ್ ಅನ್ನುವ ವಿಜ್ಞಾನಿ ಮತ್ತವರ ಜೊತೆಗಾರರು 2003ರಲ್ಲಿ ಇಲಿಗಳ ಮೇಲಿನ ಕೆಲಸದಿಂದ ಹೇಳಿದ್ದು ಇದು: ಅಂಥ ತಿಂಡಿ ತಿಂದರೆ ಒತ್ತಡದ ವ್ಯವಸ್ಥೆಯೇ ಸ್ವಲ್ಪ ತಣ್ಣಗಾಗುತ್ತದೆ. ಅಂದರೆ ಚಕ್ಕುಲಿ ನಿಮಗೆ ಸುಳ್ಳು ಸಮಾಧಾನ ಕೊಡುತ್ತಿಲ್ಲ. ನಿಜವಾಗಿಯೇ ಒಂದು ಚೂರು ಸಮಾಧಾನ ಸಿಗುತ್ತದೆ. ಮರುದಿನವೂ ಮಿದುಳು ಅಲ್ಲಿಗೇ ಕಳಿಸುವುದು ಅದಕ್ಕೇ.

ಕಳಿಸುವ ಕೆಲಸ ಡೋಪಮಿನ್ನಿನದು. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ವರ್ಷಗಟ್ಟಲೆ ತೋರಿಸಿದ್ದು ಏನಂದರೆ, ಬೇಕು ಅನಿಸುವುದೂ ರುಚಿ ಅನಿಸುವುದೂ ಮಿದುಳಿನಲ್ಲಿ ಬೇರೆ ಬೇರೆ. ಡೋಪಮಿನ್ ನಡೆಸುವುದು ‘ಬೇಕು’ ಅನ್ನುವುದನ್ನು. ಏಳನೇ ಚಕ್ಕುಲಿಗೆ ರುಚಿ ಹೋಗಿರುತ್ತದೆ, ಕೈ ಮಾತ್ರ ಡಬ್ಬಿಯಲ್ಲೇ ಇರುತ್ತದೆ, ಹೌದೋ ಅಲ್ಲವೋ? ಮೇಲಿಂದ ನಿದ್ದೆ ಬೇರೆ ಕಡಿಮೆ. ಶಿಕಾಗೋದಲ್ಲಿ 2004ರಲ್ಲಿ ಹನ್ನೆರಡು ಯುವಕರನ್ನು ಎರಡೇ ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟು, ಹತ್ತು ಗಂಟೆ ಮಲಗಿದ ರಾತ್ರಿಗಳಿಗೆ ಹೋಲಿಸಿದರು. ಗ್ರೆಲಿನ್ ಶೇ. 28ರಷ್ಟು ಏರಿತ್ತು. ಸಾಕು ಅನ್ನಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ಮಗನ ಜೊತೆ ನೀವೂ ಎದ್ದಿರುತ್ತೀರಿ ಅಂತ ನನ್ನ ಊಹೆ.

ನನ್ನ ರೋಗಿಗಳಿಗೆ ನಾನು ಹೇಳುವ ಪರೀಕ್ಷೆ ಒಂದಿದೆ. ಡಬ್ಬಿಗೆ ಕೈ ಹಾಕುವ ಮುಂಚೆ ಕೇಳಿಕೊಳ್ಳಿ: ಈಗ ಯಾರಾದರೂ ತಣ್ಣನೆ ರೊಟ್ಟಿ, ಮಧ್ಯಾಹ್ನದ ಪಲ್ಯ ಕೊಟ್ಟರೆ ತಿನ್ನುತ್ತೇನಾ? ಹೂಂ ಅಂದರೆ ಹಸಿವು. ಕೂತು ಅದನ್ನೇ ತಿನ್ನಿ. ಊಹೂಂ, ಚಕ್ಕುಲಿಯೇ ಬೇಕು ಅಂದರೆ ಅದು ಮಗನ ಗಣಿತದ ಪೇಪರು. ಆಗಲೂ ತಿನ್ನಬಾರದು ಅಂತ ನಾನು ಹೇಳುವುದಿಲ್ಲ. ಬೇಡ ಬೇಡ ಅಂತ ಬಿಗಿಹಿಡಿದವರೇ ಮೂರನೇ ದಿನ ಡಬ್ಬಿ ಬೋರಲು ಹಾಕುವುದನ್ನು ಬೇಕಾದಷ್ಟು ನೋಡಿದ್ದೇನೆ. ಮೂರು ಚಕ್ಕುಲಿ ತಟ್ಟೆಗೆ ಹಾಕಿ, ಡಬ್ಬಿ ಮುಚ್ಚಿ ಮೇಲಿಟ್ಟು, ಮಗ ಓದುವ ಕಡೆ ಹೋಗಿ ಕೂತು ತಿನ್ನಿ. ಅವನಿಗೂ ಒಂದು ಕೊಡಿ.

ಯಜಮಾನರಿಗೆ ಒಂದು ಗಂಟೆಗೆ ಅಂಗಡಿಯಲ್ಲೇ ತಿನ್ನಲು ಒಂದು ಸಣ್ಣ ಡಬ್ಬಿ ಕಟ್ಟಿಕೊಡಿ. ಒಂದು ರೊಟ್ಟಿ, ಮೊಳಕೆ ಕಾಳು, ಒಂದು ಹಿಡಿ ಶೇಂಗಾ, ಏನಾದರೂ. ಗಿರಾಕಿ ಇದ್ದಾರೆ, ಆಮೇಲೆ ತಿನ್ನುತ್ತೇನೆ ಅಂತಾರೆ, ಬಿಡಬೇಡಿ, ಫೋನ್ ಮಾಡಿ ಕೇಳಿ. ಮೀಟರಿನ ಏಳು ದಿನದ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಕಾಲಮ್ ಹಾಕಿ, ಆ ದಿನ ಯಾವುದಕ್ಕೆ ರೇಗಿದರು ಅಂತ ಬರೆಯಿರಿ. ಡಾಕ್ಟರಿಗೆ ಎರಡೂ ತೋರಿಸಿ. ಅವರೂ ಮಧ್ಯಾಹ್ನ ಮೂರರ ತನಕ ಓಪಿಡಿ ನೋಡುವವರಾದರೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.